ಪೊಟ್ಟಲಕೆರೆಯಿಂದ ಪಟಾನ್‌ಚೆರುವಿನವರೆಗೆ

೧

ಹೈದರಾಬಾದಿನಿಂದ ಸೊಲ್ಲಾಪುರದತ್ತ ಹೊರಡುವ ಹೆದ್ದಾರಿಯಲ್ಲಿ ವಾಯವ್ಯಾಭಿಮುಖವಾಗಿ ಸುಮಾರು ೩೦ ಕಿಲೋಮೀಟರ್ ಸಾಗಿದರೆ ಪಟಾನ್‌ಚೆರು ಎಂಬ ಊರು ದೊರೆಯುತ್ತದೆ. ಬೀದರ, ಹುಮನಾಬಾದ, ಬಸವಕಲ್ಯಾಣಗಳ ಕಡೆಯಿಂದ ವಿದ್ಯೆಗಾಗಿಯೋ ಉದ್ಯೋಗಕ್ಕಾಗಿಯೋ ಹೈದರಾಬಾದಿಗೆ ಬಂದು ನೆಲಸಿದ ಕನ್ನಡಿಗರಲ್ಲಿ ಈ ಊರನ್ನು ಬಸ್ಸಿನ ಕಿಟಕಿಯಿಂದ ನೋಡದವರು ವಿರಳ. ಕಾರ್ಖಾನೆಗಳ ಚಿಮಣಿಗಳು, ಸರಕು ಲಾರಿಗಳ ಸಾಲು, ಹೆದ್ದಾರಿಯ ಇಕ್ಕೆಲದ ಅಂಗಡಿಗಳು - ಇವುಗಳ ನಡುವೆ ಇಳಿದು ನೋಡಬೇಕೆನಿಸುವಂಥದು ಪ್ರಯಾಣಿಕನಿಗೆ ಏನೂ ಕಾಣುವುದಿಲ್ಲ. ಆದರೆ ಕ್ರಿ. ಶ. ಹನ್ನೊಂದನೆಯ ಶತಮಾನದ ಪೂರ್ವಾರ್ಧದಲ್ಲಿ, ಕಲ್ಯಾಣವು ರಾಜಧಾನಿಯಾಗಿ ಪ್ರಸಿದ್ಧಿಗೆ ಬರುವುದಕ್ಕೆ ಮೊದಲು, ಚಾಳುಕ್ಯ ಚಕ್ರವರ್ತಿಯೊಬ್ಬನು ಪೊಟ್ಟಲಕೆರೆಯೆಂಬ ನೆಲೆವೀಡಿನಿಂದ ರಾಜ್ಯವಾಳುತ್ತಿದ್ದನೆಂದು ಶಾಸನಗಳು ಹೇಳುತ್ತವೆ. ಆ ಪೊಟ್ಟಲಕೆರೆಯೇ ಇಂದಿನ ಪಟಾನ್‌ಚೆರು.

ಪರಸ್ಥಳದಲ್ಲಿ ನೆಲಸಿದವರಿಗೆ ಇಂಥ ಸಂಗತಿ ಕಿವಿಗೆ ಬಿದ್ದೊಡನೆ ಹಿಗ್ಗಾಗುವುದು ಸ್ವಾಭಾವಿಕ. ‘ಇದೂ ನಮ್ಮದೇ ಆಗಿತ್ತು’ ಎಂಬ ಮಾತು ತಾನಾಗಿಯೇ ಬಾಯಿಗೆ ಬರುತ್ತದೆ. ಆ ಮಾತು ಎಷ್ಟರಮಟ್ಟಿಗೆ ನಿಜ, ಅದರ ಅರ್ಥವೇನು ಎಂಬುದನ್ನು ಊರಿನ ನೆಲ, ಹೆಸರು, ಶಿಲ್ಪ, ಸಾಹಿತ್ಯಗಳ ಸಾಕ್ಷ್ಯದಿಂದಲೇ ನಿರ್ಣಯಿಸುವುದು ಉಚಿತ.

೨

ಮೊದಲು ನೆಲದ ವಿಚಾರ. ಪಟಾನ್‌ಚೆರು ಸಮುದ್ರಮಟ್ಟದಿಂದ ಸುಮಾರು ೫೪೦ ಮೀಟರ್ ಎತ್ತರದಲ್ಲಿದೆ. ದಖ್ಖನಿನ ಕಣಶಿಲೆಯ ಈ ಮೇಟಿನಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಉತ್ತರದಲ್ಲಿ ಮಂಜೀರಾ ನದಿಯ ಕೊಳ್ಳವಿದೆ; ಬೀಡ ಜಿಲ್ಲೆಯ ಬಾಲಾಘಾಟ್ ಬೆಟ್ಟಗಳಲ್ಲಿ ಹುಟ್ಟುವ ಈ ನದಿ ಬೀದರ ಜಿಲ್ಲೆಯನ್ನು ಹಾಯ್ದು, ತೆಲಂಗಾಣವನ್ನು ಹೊಕ್ಕು, ಉತ್ತರಕ್ಕೆ ತಿರುಗಿ ಗೋದಾವರಿಯನ್ನು ಸೇರುತ್ತದೆ. ದಕ್ಷಿಣದಲ್ಲಿ ಮೂಸಿ ನದಿಯ ಕೊಳ್ಳವಿದೆ. ಅದು ವಿಕಾರಾಬಾದಿನ ಸಮೀಪದ ಅನಂತಗಿರಿಯಲ್ಲಿ ಹುಟ್ಟಿ ಹೈದರಾಬಾದಿನ ನಡುವೆ ಹರಿದು ಕೃಷ್ಣೆಯನ್ನು ಸೇರುತ್ತದೆ. ಹೀಗೆ ಎರಡು ಮಹಾನದಿಗಳ ಜಲಾನಯನಗಳ ನಡುವಣ ಎತ್ತರದ ಸೀಮೆಯಲ್ಲಿ ಈ ಊರು ಬೆಳೆದಿದೆ. ಊರ ಬಳಿಯ ನಕ್ಕವಾಗು ಎಂಬ ಹಳ್ಳ ಮಂಜೀರೆಯತ್ತ ಹರಿಯುತ್ತದೆ.

ವರ್ಷಕ್ಕೆ ಸುಮಾರು ೮೦೦ ಮಿಲಿಮೀಟರ್ ಮಳೆ. ಅದರ ಬಹುಭಾಗ ಮುಂಗಾರಿನ ನಾಲ್ಕು ತಿಂಗಳುಗಳಲ್ಲಿಯೇ ಸುರಿದುಹೋಗುತ್ತದೆ. ಇಂಥ ಸೀಮೆಯಲ್ಲಿ ಜನ ನೆಲಸಬೇಕಾದರೆ ಹರಿದುಹೋಗುವ ನೀರಿಗೆ ಅಡ್ಡಲಾಗಿ ಏರಿ ಕಟ್ಟಿ ಕೆರೆ ಮಾಡಲೇಬೇಕು. ಆದುದರಿಂದ ಇಲ್ಲಿ ಕೆರೆ ಊರಿನ ಅಲಂಕಾರವಲ್ಲ, ಊರಿನ ಕಾರಣ. ಇಂದಿಗೂ ಅಲ್ಲಿರುವ ಸಾಕಿ ಚೆರುವು ಈ ಮಾತಿಗೆ ಸಾಕ್ಷಿ.

ಇನ್ನೊಂದು ವಿಶೇಷವೂ ಉಂಟು. ಬೀದರ, ಕಲಬುರಗಿಗಳ ಒಕ್ಕಲಿಗನು ಎರೆ ಮತ್ತು ಮಸಾರಿ ಎಂದು ವಿಂಗಡಿಸುವ ಎರಡು ಬಗೆಯ ಭೂಮಿಗಳೂ ಇಲ್ಲಿ ಅಕ್ಕಪಕ್ಕದಲ್ಲಿಯೇ ಇವೆ. ಪಶ್ಚಿಮದಿಂದ ಹಬ್ಬಿಬಂದ ಕರಿಯ ಮಣ್ಣಿನ ಸೀಮೆಯೂ, ಪೂರ್ವದ ಕೆಂಪು ಮಣ್ಣಿನ ಸೀಮೆಯೂ ಇಲ್ಲಿ ಒಂದರೊಳಗೊಂದು ಬೆರೆಯುತ್ತವೆ. ಈ ಸಂಗತಿ ಇಪ್ಪತ್ತನೆಯ ಶತಮಾನದಲ್ಲಿ ಊರಿನ ಭವಿಷ್ಯವನ್ನೇ ಬದಲಿಸಿತೆಂಬುದು ಮುಂದೆ ತಿಳಿಯುತ್ತದೆ.

೩

ಇನ್ನು ಹೆಸರಿನ ವಿಚಾರ. ಪಟಾನ್‌ಚೆರು ಎಂಬುದನ್ನು ಮೇಲುನೋಟಕ್ಕೆ ಪಟ್ಟಣದ ಕೆರೆಯೆಂದೋ ಪಠಾಣರ ಕೆರೆಯೆಂದೋ ಅರ್ಥಮಾಡಬಹುದು. ಆದರೆ ಶಾಸನೋಕ್ತ ರೂಪವಾದ ಪೊಟ್ಟಲಕೆರೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿದಾಗ ಆ ಎರಡು ಅರ್ಥಗಳೂ ಬಿದ್ದುಹೋಗುತ್ತವೆ. ಮೊದಮೊದಲು ಕೆಲವರು ಪೊಟ್ಟಲಕೆರೆಯನ್ನು ಹೊಸಪೇಟೆಯ ಕಡೆ ಅರಸಿದ್ದುಂಟು. ತೆಲಂಗಾಣದ ಶಾಸನಗಳು ಬೆಳಕಿಗೆ ಬಂದಂತೆ ಅದು ಪಟಾನ್‌ಚೆರುವೇ ಎಂಬ ಅಭಿಪ್ರಾಯ ಬಲಗೊಂಡು ಈಗ ಬಹುಮಟ್ಟಿಗೆ ಸ್ವೀಕೃತವಾಗಿದೆ.

ಪೊಟ್ಟಲಕೆರೆ ಎಂಬುದು ಪಟಾನ್‌ಚೆರು ಆದ ಬಗೆಯನ್ನು ಸಾಮಾನ್ಯವಾಗಿ ಭಾಷಾಂತರವೆಂದು ಹೇಳುವುದು ರೂಢಿ: ಕನ್ನಡದ ಕೆರೆಯನ್ನು ತೆಗೆದು ಅಲ್ಲಿ ತೆಲುಗಿನ ಚೆರುವನ್ನು ಇರಿಸಿದರು ಎಂದು. ಈ ಹೇಳಿಕೆಯನ್ನು ತುಸು ತಿದ್ದಬೇಕಾಗಿದೆ. ಕನ್ನಡದಲ್ಲಿ ಎ, ಇ ಸ್ವರಗಳ ಹಿಂದೆ ಉಳಿದುಬಂದ ಕಕಾರವು ತೆಲುಗಿನಲ್ಲಿ ಚಕಾರವಾಗಿರುವುದನ್ನು ದ್ರಾವಿಡ ಭಾಷಾಶಾಸ್ತ್ರಜ್ಞರು ತೋರಿಸಿಕೊಟ್ಟಿದ್ದಾರೆ. ಕನ್ನಡದ ಕಿವಿ ತೆಲುಗಿನಲ್ಲಿ ಚೆವಿ. ಕೆಡು ಎಂಬುದು ಚೆಡು. ಹಳಗನ್ನಡದ ಕೆಯ್ ಎಂಬ ಧಾತು ಚೇಯು. ಇದೇ ನಿಯಮದಂತೆ ಕೆರೆ ಮತ್ತು ಚೆರುವು ಒಂದೇ ಮೂಲದಿಂದ ಬಂದ ಮಾತುಗಳು. ಆದುದರಿಂದ ಇಲ್ಲಿ ನಡೆದುದು ಒಂದು ಮಾತನ್ನು ಕಿತ್ತು ಇನ್ನೊಂದನ್ನು ನೆಡುವ ಕಾರ್ಯವಲ್ಲ; ಒಂದೇ ಮಾತನ್ನು ನೆರೆಮನೆಯವರು ತಮ್ಮ ನಾಲಗೆಗೆ ಹೊಂದಿಸಿಕೊಂಡ ಕಾರ್ಯ.

ಊರ ಹೆಸರಿನ ಉತ್ತರಪದವನ್ನು ಜನರು ಹೀಗೆ ಹೊಂದಿಸಿಕೊಳ್ಳಬೇಕಾದರೆ ಅದರ ಅರ್ಥ ಅವರಿಗೆ ತಿಳಿದಿರಬೇಕು. ಅರ್ಥ ತಿಳಿಯದ ಹೆಸರನ್ನು ಜನ ಹಾಗೆಯೇ ಉಚ್ಚರಿಸುತ್ತಾರೆ ಅಥವಾ ಅಪಭ್ರಂಶಗೊಳಿಸುತ್ತಾರೆ. ‘ಪೊಟ್ಟಲ’ ಎಂಬ ಪೂರ್ವಪದಕ್ಕೆ ಆದದ್ದು ಅದೇ. ಅದು ಕಾಲಕ್ರಮದಲ್ಲಿ ‘ಪಟಾನ್’ ಎಂದು ಸವೆಯಿತು. ಉತ್ತರಪದ ಮಾತ್ರ ಅರ್ಥಸಹಿತವಾಗಿ ಉಳಿಯಿತು. ಎರಡು ಭಾಷೆಗಳನ್ನೂ ಬಲ್ಲ ಜನ ಬಹುಕಾಲ ಒಂದೇ ಏರಿಯ ಮೇಲೆ ನಡೆದಾಡಿದರೆಂಬುದಕ್ಕೆ ಈ ಹೆಸರಿಗಿಂತ ಬೇರೆ ಪ್ರಮಾಣ ಬೇಡ.

೪

ಪೊಟ್ಟಲಕೆರೆಗೆ ಇತಿಹಾಸದಲ್ಲಿ ಸ್ಥಾನ ದೊರಕಿಸಿಕೊಟ್ಟವನು ಎರಡನೆಯ ಜಯಸಿಂಹ. ಜಗದೇಕಮಲ್ಲನೆಂಬ ಬಿರುದಿನ ಈ ಚಕ್ರವರ್ತಿ ಸುಮಾರು ಕ್ರಿ. ಶ. ೧೦೧೫ರಿಂದ ೧೦೪೩ರ ವರೆಗೆ ಆಳಿದನು. ಎರಡನೆಯ ತೈಲಪನು ೯೭೩ರಲ್ಲಿ ರಾಷ್ಟ್ರಕೂಟರನ್ನು ಮುರಿದು ಚಾಳುಕ್ಯ ರಾಜ್ಯವನ್ನು ಪುನಃ ಸ್ಥಾಪಿಸಿದಾಗ ಅವನಿಗೆ ದೊರೆತ ರಾಜಧಾನಿ ಮಾನ್ಯಖೇಟ. ಅದಕ್ಕೆ ಸ್ವಲ್ಪ ಮೊದಲೇ ಮಾಳವದ ಪರಮಾರ ಸೀಯಕನು ಅದನ್ನು ಸೂರೆಮಾಡಿದ್ದನು. ಜಯಸಿಂಹನ ಮಗ ಒಂದನೆಯ ಸೋಮೇಶ್ವರನ ಕಾಲದಲ್ಲಿ ಕಲ್ಯಾಣವು ಸ್ಥಿರವಾದ ರಾಜಧಾನಿಯಾಯಿತು. ಮಾನ್ಯಖೇಟಕ್ಕೂ ಕಲ್ಯಾಣಕ್ಕೂ ನಡುವಣ ಈ ಅವಧಿಯಲ್ಲಿ ಪೊಟ್ಟಲಕೆರೆ, ಕೊಳ್ಳಿಪಾಕೆ ಮೊದಲಾದ ಊರುಗಳು ಚಕ್ರವರ್ತಿಯ ನೆಲೆವೀಡುಗಳಾಗಿ ಕಾಣಿಸಿಕೊಳ್ಳುತ್ತವೆ. ಕೊಳ್ಳಿಪಾಕೆಯೆಂದರೆ ಜೈನಕ್ಷೇತ್ರವೆಂದು ಇಂದಿಗೂ ಪ್ರಸಿದ್ಧವಾಗಿರುವ ತೆಲಂಗಾಣದ ಕೊಲನುಪಾಕ.

ನೆಲೆವೀಡು ಎಂಬ ಮಾತನ್ನು ಇಂದಿನ ರಾಜಧಾನಿಯೆಂಬ ಅರ್ಥದಲ್ಲಿ ತೆಗೆದುಕೊಳ್ಳಬಾರದು. ಅರಸನು ಪರಿವಾರದೊಡನೆ, ಸೈನ್ಯದೊಡನೆ ಬೀಡುಬಿಟ್ಟು ನೆಲಸಿ, ಅಲ್ಲಿಂದಲೇ ದಾನಶಾಸನಗಳನ್ನು ಹೊರಡಿಸುತ್ತಿದ್ದ ಸ್ಥಳ ಅದು. ಅಂಥ ಸ್ಥಳವನ್ನು ಇಷ್ಟು ಪೂರ್ವಕ್ಕೆ ಆರಿಸಿಕೊಳ್ಳಲು ಕಾರಣವೇನಿರಬಹುದು? ಜಯಸಿಂಹನ ಆಳ್ವಿಕೆಯೆಲ್ಲ ಚೋಳ ರಾಜೇಂದ್ರನೊಡನೆ ಸ್ಪರ್ಧೆಯಲ್ಲಿ ಕಳೆಯಿತು. ಮುಸಂಗಿಯ ಕಾಳಗದಲ್ಲಿ ಅವನನ್ನು ಸೋಲಿಸಿದುದಾಗಿ ಚೋಳ ಶಾಸನಗಳು ಹೇಳಿಕೊಳ್ಳುತ್ತವೆ. ಈ ಸ್ಪರ್ಧೆಗೆ ಎರಡು ರಂಗಗಳಿದ್ದವು: ತುಂಗಭದ್ರೆಯ ದಡ ಒಂದು, ವೇಂಗಿಯ ಸಿಂಹಾಸನ ಇನ್ನೊಂದು. ವೇಂಗಿಯಲ್ಲಿ ಚೋಳರು ರಾಜರಾಜ ನರೇಂದ್ರನನ್ನು ಎತ್ತಿಕಟ್ಟಿದರೆ, ಜಯಸಿಂಹನು ಅವನ ಸೋದರ ವಿಜಯಾದಿತ್ಯನ ಪಕ್ಷವಹಿಸಿದನು. ಪೊಟ್ಟಲಕೆರೆಯಿಂದ ಪೂರ್ವದ ವೇಂಗಿಯ ಮೇಲೂ ಪಶ್ಚಿಮದ ಕನ್ನಡ ನಾಡಿನ ಮೇಲೂ ಕಣ್ಣಿಡಲು ಸಾಧ್ಯವಿತ್ತು. ಚೋಳರ ದಾಳಿಯ ಮೊದಲ ಪೆಟ್ಟು ಬೀಳುವ ತುಂಗಭದ್ರೆಯ ಗಡಿಯಿಂದಲೂ ಅದು ದೂರವಾಗಿತ್ತು. ಇಂದು ಹೈದರಾಬಾದಿನಿಂದ ಹುಮನಾಬಾದಿನ ಮೂಲಕ ಬಸವಕಲ್ಯಾಣದ ಹತ್ತಿರ ಹಾಯುವ ಹೆದ್ದಾರಿಯನ್ನೂ, ಅದೇ ಹೆದ್ದಾರಿ ಪೂರ್ವದಲ್ಲಿ ಕೃಷ್ಣಾತೀರದ ವಿಜಯವಾಡವನ್ನು ದಾಟಿ ಮಚಲೀಪಟ್ಟಣಕ್ಕೆ ಹೋಗಿ ಮುಟ್ಟುವುದನ್ನೂ ಗಮನಿಸಿದರೆ, ಪೊಟ್ಟಲಕೆರೆಯನ್ನು ಆರಿಸಿದವರ ಲೆಕ್ಕಾಚಾರ ಸುಲಭವಾಗಿ ಅರ್ಥವಾಗುತ್ತದೆ.

ಈ ಅರಸನ ಕಾಲ ಕನ್ನಡ ಸಾಹಿತ್ಯಕ್ಕೆ ಬಂಜೆಯಾಗಿರಲಿಲ್ಲ. ೧೦೩೧ರ ಸುಮಾರಿಗೆ ಪಂಚತಂತ್ರವನ್ನು ಕನ್ನಡದಲ್ಲಿ ರಚಿಸಿದ ದುರ್ಗಸಿಂಹನು ಇವನಲ್ಲಿ ಸಂಧಿವಿಗ್ರಹಿಯಾಗಿದ್ದನು. ಕೃಷಿ, ನೀರಿನ ನೆಲೆ, ವೈದ್ಯ, ಪಾಕ ಮೊದಲಾದ ವಿಷಯಗಳನ್ನೊಳಗೊಂಡ ‘ಲೋಕೋಪಕಾರ’ವನ್ನು ಬರೆದ ಎರಡನೆಯ ಚಾವುಂಡರಾಯನೂ ಇದೇ ಕಾಲದವನು. ಪಾರ್ಶ್ವನಾಥನ ಚರಿತೆಯನ್ನು ೧೦೨೫ರಲ್ಲಿ ಸಂಸ್ಕೃತದಲ್ಲಿ ಬರೆದ ಜೈನಮುನಿ ವಾದಿರಾಜನು ಇವನಿಂದ ಮನ್ನಣೆ ಪಡೆದವನು. ಅತ್ತ ವೇಂಗಿಯಲ್ಲಿ, ಜಯಸಿಂಹನ ಎದುರಾಳಿ ರಾಜರಾಜ ನರೇಂದ್ರನ ಆಸ್ಥಾನದಲ್ಲಿ, ನನ್ನಯನು ತೆಲುಗು ಮಹಾಭಾರತವನ್ನು ಆರಂಭಿಸಿದಾಗ ಅವನಿಗೆ ನೆರವಾದ ನಾರಾಯಣಭಟ್ಟನು ಕನ್ನಡದಲ್ಲಿಯೂ ಕವಿತಾಶಕ್ತಿಯುಳ್ಳವನೆಂದು ಹೊಗಳಿಸಿಕೊಂಡಿದ್ದಾನೆ. ಅರಸರು ಯುದ್ಧದಲ್ಲಿ ತೊಡಗಿದ್ದಾಗಲೂ ಕವಿಗಳ ನಡುವೆ ಗಡಿ ಇರಲಿಲ್ಲ.

೫

ಪೊಟ್ಟಲಕೆರೆಯ ಚರಿತ್ರೆಯಲ್ಲಿ ಅತ್ಯಂತ ವಿವಾದಾಸ್ಪದವಾದ ಸಂಗತಿ ಜೈನ-ಶೈವ ಸಂಘರ್ಷದ್ದು. ವೀರಶೈವ ಪುರಾಣಗಳ ಕಥೆ ಹೀಗಿದೆ: ಅರಸನು ಜೈನನಾಗಿದ್ದನು, ರಾಣಿ ಸುಗ್ಗಲದೇವಿಯಾದರೋ ಶಿವಭಕ್ತೆ, ಮುದನೂರಿನ ನೇಕಾರ ಶರಣ ದಾಸಿಮಯ್ಯನ ಶಿಷ್ಯೆ. ದಾಸಿಮಯ್ಯನು ರಾಜಸಭೆಗೆ ಬಂದು ಜೈನ ಪಂಡಿತರನ್ನು ವಾದದಲ್ಲಿಯೂ ಪವಾಡದಲ್ಲಿಯೂ ಗೆದ್ದನು, ಅರಸನು ಶೈವನಾದನು, ನೂರಾರು ಬಸದಿಗಳು ನೆಲಸಮವಾದವು. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ, ಅದನ್ನು ಆಧರಿಸಿ ಭೀಮಕವಿಯು ೧೩೬೯ರಲ್ಲಿ ರಚಿಸಿದ ಕನ್ನಡ ಬಸವಪುರಾಣ - ಇವುಗಳಿಂದ ದಾಸಿಮಯ್ಯ-ಸುಗ್ಗಲದೇವಿಯರ ಹೆಸರು ಎರಡು ನಾಡುಗಳಲ್ಲಿಯೂ ಹಬ್ಬಿತು.

ಈ ಕಥೆಯನ್ನು ಶೈವಪಕ್ಷದವರು ವಿಜಯವಾರ್ತೆಯೆಂದೂ ಜೈನಪಕ್ಷದವರು ಅನ್ಯಾಯದ ದಾಖಲೆಯೆಂದೂ ಓದಿಕೊಂಡು ಬಂದಿದ್ದಾರೆ. ಎರಡು ಓದುಗಳೂ ಕಥೆಯನ್ನು ಅಕ್ಷರಶಃ ನಂಬುತ್ತವೆ. ಆದರೆ ಊರಿನ ಸಾಕ್ಷ್ಯ ಅದನ್ನು ಪೂರ್ತಿಯಾಗಿ ಸಮರ್ಥಿಸುವುದಿಲ್ಲ.

ಮೊದಲನೆಯದಾಗಿ ಶಿಲ್ಪಗಳ ಸಾಕ್ಷ್ಯ. ಪಟಾನ್‌ಚೆರುವಿನಲ್ಲಿ ದೊರೆತ ಜಿನಬಿಂಬಗಳನ್ನು ಹೈದರಾಬಾದಿನ ಪಬ್ಲಿಕ್ ಗಾರ್ಡನ್ಸ್‌ನಲ್ಲಿರುವ ರಾಜ್ಯ ಪುರಾತತ್ತ್ವ ಮ್ಯೂಸಿಯಮ್ಮಿನಲ್ಲಿ ಇಡಲಾಗಿದೆ. ಅವುಗಳಲ್ಲಿ ಗಣ್ಯವಾದವು ಹನ್ನೆರಡನೆಯ ಶತಮಾನದವೆಂದು ಗಣಿತವಾಗಿವೆ. ಎಂದರೆ ಜಯಸಿಂಹನು ತೀರಿದ ಎರಡು ಮೂರು ತಲೆಮಾರುಗಳ ಅನಂತರದವು. ಬಸದಿಗಳೆಲ್ಲ ಅವನ ಕಾಲದಲ್ಲಿಯೇ ನಿರ್ನಾಮವಾಗಿದ್ದ ಪಕ್ಷದಲ್ಲಿ ನಯವಾದ ಕೆಲಸದ ಈ ಬಿಂಬಗಳನ್ನು ಯಾರು ಮಾಡಿಸಿದರು, ಎಲ್ಲಿ ಪ್ರತಿಷ್ಠಿಸಿದರು?

ಎರಡನೆಯದಾಗಿ ಸಾಹಿತ್ಯದ ಸಾಕ್ಷ್ಯ. ‘ಸಮಯಪರೀಕ್ಷೆ’ಯನ್ನು ಬರೆದ ಬ್ರಹ್ಮಶಿವನು ಹನ್ನೆರಡನೆಯ ಶತಮಾನದವನು, ವತ್ಸಗೋತ್ರದ ಸಿಂಗರಾಜನ ಮಗ, ವೀರನಂದಿ ಮುನಿಯ ಶಿಷ್ಯ. ಅವನ ಊರು ಪೊಟ್ಟಳಗೆರೆ. ಅನ್ಯಮತಗಳ ಆಚರಣೆಗಳನ್ನು ಒಂದೊಂದಾಗಿ ಎತ್ತಿಕೊಂಡು, ಕಟುವಾಗಿ ವಿಡಂಬಿಸಿ, ಜೈನಮತದ ಹಿರಿಮೆಯನ್ನು ಸ್ಥಾಪಿಸುವುದೇ ಆ ಗ್ರಂಥದ ಉದ್ದೇಶ. ಅವನು ಶೈವಮತವನ್ನೂ ಅನುಸರಿಸಿ ನೋಡಿ, ಬಳಿಕ ಜೈನಮತಕ್ಕೆ ಮರಳಿದವನು. ಕನ್ನಡದ ಆದ್ಯ ವಿಡಂಬನಕಾರನೊಬ್ಬನು ಈ ಊರಿನವನೇ ಆದುದು ಆಕಸ್ಮಿಕವಲ್ಲ. ಮತಗಳ ನಡುವಣ ವಾದ ಊರಿನ ದಿನನಿತ್ಯದ ಮಾತಾಗಿದ್ದ ಕಡೆಯಲ್ಲಿಯೇ ಅಂಥ ಬರಹ ಹುಟ್ಟುತ್ತದೆ. ಸೋತು ನಿಶ್ಶೇಷವಾದ ಮತಕ್ಕೆ ಇಷ್ಟು ಹರಿತವಾದ ನಾಲಗೆ ಇರುವುದಿಲ್ಲ; ನಿರಾತಂಕವಾಗಿ ಗೆದ್ದ ಮತಕ್ಕೆ ಅದು ಬೇಕಾಗುವುದಿಲ್ಲ.

ಆದುದರಿಂದ ಪುರಾಣವು ಒಂದು ದಿನದ ಸಭೆಯಲ್ಲಿ ಮುಗಿಸಿಬಿಟ್ಟ ಕಾರ್ಯ ವಾಸ್ತವದಲ್ಲಿ ಶತಮಾನಕ್ಕೂ ಮೀರಿ ನಡೆಯಿತೆಂದು ಊಹಿಸುವುದು ಯುಕ್ತ. ರಾಜಾಶ್ರಯ ಅತ್ತಿತ್ತ ವಾಲಿತು. ಮನೆತನಗಳು, ಕೆಲವೊಮ್ಮೆ ಒಬ್ಬನೇ ಮನುಷ್ಯ, ಒಂದು ಮತದಿಂದ ಇನ್ನೊಂದಕ್ಕೆ ಹೋಗಿ ಮರಳಿ ಬರುವುದಿತ್ತು. ಕೊನೆಗೆ ಜೈನರ ಸಂಖ್ಯೆ ಕುಗ್ಗಿತು, ಬಸದಿಗಳು ಪಾಳುಬಿದ್ದವು. ಹಿಂಸೆಯೇ ನಡೆಯಲಿಲ್ಲವೆಂದು ಹೇಳುವುದು ಇದರ ಉದ್ದೇಶವಲ್ಲ. ನಾಶವನ್ನು ಹೆಮ್ಮೆಯಿಂದ ನೆನೆಯುವ ಕಥೆ ಹುಟ್ಟಿತೆಂಬುದೇ ಕಾಲದ ಕಾಠಿನ್ಯವನ್ನು ಸೂಚಿಸುತ್ತದೆ. ಆದರೆ ಪುರಾಣದ ಎಣಿಕೆಯನ್ನು ಇತಿಹಾಸದ ಲೆಕ್ಕಕ್ಕೆ ಜಮೆ ಮಾಡಿಕೊಂಡು, ಅದರ ಮೇಲೆ ಇಂದಿನ ಸೇಡನ್ನೋ ಇಂದಿನ ಗರ್ವವನ್ನೋ ಕಟ್ಟುವುದು ಸಲ್ಲದು.

೬

ಚಾಳುಕ್ಯರ ಸಾಮಂತರಾಗಿದ್ದ ಕಾಕತೀಯರು ಹನ್ನೆರಡನೆಯ ಶತಮಾನದ ಉತ್ತರಾರ್ಧದಲ್ಲಿ ಸ್ವತಂತ್ರರಾದರು; ಹನುಮಕೊಂಡದ ಸಾವಿರ ಕಂಬದ ಗುಡಿಯಲ್ಲಿರುವ ರುದ್ರದೇವನ ೧೧೬೩ರ ಶಾಸನ ಇದರ ಘೋಷಣೆ. ಅಲ್ಲಿಯವರೆಗೆ ತೆಲಂಗಾಣದ ಶಾಸನಗಳಲ್ಲಿ ಕನ್ನಡಕ್ಕೆ ದೊಡ್ಡ ಸ್ಥಾನವಿತ್ತು. ವೇಮುಲವಾಡದಲ್ಲಿ ಪಂಪನು ೯೪೧ರಲ್ಲಿ ತನ್ನ ಭಾರತವನ್ನು ಬರೆದನು. ಅವನ ತಮ್ಮ ಜಿನವಲ್ಲಭನು ಕುರಿಕ್ಯಾಲದ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳಲ್ಲಿಯೂ ಬರೆಸಿದನು. ಕಾಕತೀಯರ ಏಳಿಗೆಯೊಡನೆ ತೆಲುಗು ಶಾಸನಭಾಷೆಯಾಗಿ ಮುಂದೆ ಬಂದಿತು. ಕೆರೆಯು ಚೆರುವು ಆದುದು ಈ ಪರಿವರ್ತನೆಯ ಒಂದು ಸಣ್ಣ ಅಂಶ.

ಅನಂತರ ಬಂದ ಬಹಮನಿ ಸುಲ್ತಾನರು ೧೩೪೭ರಲ್ಲಿ ಕಲಬುರಗಿಯಲ್ಲಿ ನೆಲೆಯೂರಿ, ಹದಿನೈದನೆಯ ಶತಮಾನದಲ್ಲಿ ಬೀದರಕ್ಕೆ ರಾಜಧಾನಿಯನ್ನು ಬದಲಿಸಿದರು. ಅವರ ಪ್ರಾಂತವಾಗಿದ್ದ ಗೋಲ್ಕೊಂಡ ಕುತುಬಶಾಹಿಗಳ ಕೈಯಲ್ಲಿ ಸ್ವತಂತ್ರ ರಾಜ್ಯವಾಯಿತು. ಬೀದರ-ಗೋಲ್ಕೊಂಡಗಳ ನಡುವಣ ಸೀಮೆಯಲ್ಲಿದ್ದ ಪಟಾನ್‌ಚೆರು ಅರಸರ ನೆಲೆವೀಡಾಗಿ ಮತ್ತೆ ಮೆರೆಯಲಿಲ್ಲ. ಅರಸರು ಹಾಯ್ದುಹೋಗುವ ಸೀಮೆಯಾಗಿ ಉಳಿಯಿತು. ೧೬೮೭ರಲ್ಲಿ ಗೋಲ್ಕೊಂಡ ಔರಂಗಜೇಬನಿಗೆ ವಶವಾಯಿತು. ಮುಂದೆ ಅಸಫಜಾಹಿಗಳ ಆಳ್ವಿಕೆ ಬಂದು ೧೯೪೮ರ ವರೆಗೆ ನಡೆಯಿತು. ತೆಲುಗು, ಮರಾಠಿ, ಕನ್ನಡ, ಉರ್ದು ನಾಲ್ಕೂ ಭಾಷೆಗಳ ಆ ಹೈದರಾಬಾದು ಸಂಸ್ಥಾನ ೧೯೫೬ರ ನವೆಂಬರ್ ೧ರಂದು ಮೂರು ಭಾಗವಾಯಿತು. ಕಲಬುರಗಿ, ರಾಯಚೂರು, ಬೀದರಗಳು ಮೈಸೂರು ರಾಜ್ಯವನ್ನು ಸೇರಿದವು; ಬೀದರ ಜಿಲ್ಲೆಗೆ ಸೇರಿದ್ದ ಜಹೀರಾಬಾದು, ನಾರಾಯಣಖೇಡಗಳು ಆಂಧ್ರಪ್ರದೇಶಕ್ಕೆ ಹೋದವು. ಪೊಟ್ಟಲಕೆರೆಗೂ ಕಲ್ಯಾಣಕ್ಕೂ ನಡುವೆ ಹೀಗೆ ಒಂದು ರಾಜ್ಯದ ಗಡಿ ಬಂದಿತು. ೨೦೧೪ರಲ್ಲಿ ತೆಲಂಗಾಣ ಪ್ರತ್ಯೇಕ ರಾಜ್ಯವಾದ ಮೇಲೆ ಮೆದಕ ಜಿಲ್ಲೆಯ ಪಟಾನ್‌ಚೆರು ೨೦೧೬ರಲ್ಲಿ ಹೊಸದಾದ ಸಂಗಾರೆಡ್ಡಿ ಜಿಲ್ಲೆಗೆ ಸೇರಿತು. ಅದಕ್ಕೆ ಮೊದಲೇ, ೨೦೦೭ರಲ್ಲಿ, ಅದು ಬೃಹತ್ ಹೈದರಾಬಾದು ನಗರಪಾಲಿಕೆಯಲ್ಲಿ ಲೀನವಾಗಿತ್ತು.

೭

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಊರಿಗೆ ಎರಡು ಹೊಸ ಪಾತ್ರಗಳು ಒಟ್ಟಿಗೆ ಬಂದವು. ಒಂದು, ೧೯೭೨ರಲ್ಲಿ ಸ್ಥಾಪಿತವಾದ ಇಕ್ರಿಸಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನ ಸಂಸ್ಥೆ. ಮಳೆಯನ್ನೇ ನಂಬಿದ ಅರೆಶುಷ್ಕ ನಾಡುಗಳ ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾ ಬೆಳೆಗಳೇ ಅದರ ಅಧ್ಯಯನದ ವಿಷಯ. ಎರೆಯೂ ಮಸಾರಿಯೂ ಒಂದೇ ಆವರಣದಲ್ಲಿ ದೊರೆಯುವ ಸ್ಥಳ ಅದಕ್ಕೆ ಬೇಕಾಗಿತ್ತು. ಪಟಾನ್‌ಚೆರು ಅದನ್ನು ಒದಗಿಸಿತು. ಸುಮಾರು ೧,೪೦೦ ಹೆಕ್ಟೇರಿನ ಆ ಆವರಣಕ್ಕಾಗಿ ಕಾಶಿರೆಡ್ಡಿಪಲ್ಲಿ, ಮನ್ಮೂಲ್ ಎಂಬ ಎರಡು ಹಳ್ಳಿಗಳು ಎದ್ದುಹೋದವು. ಮಣ್ಣಿನ ಶಾಸ್ತ್ರದಲ್ಲಿ ಅಲ್ಲಿಯ ಕರಿಯ ಮಣ್ಣಿಗೆ ಕಾಶಿರೆಡ್ಡಿಪಲ್ಲಿಯ ಹೆಸರನ್ನೂ, ಕೆಂಪು ಮಣ್ಣಿಗೆ ಪಟಾನ್‌ಚೆರುವಿನ ಹೆಸರನ್ನೂ ಇಡಲಾಗಿದೆ. ಎದ್ದುಹೋದ ಹಳ್ಳಿಯ ಹೆಸರು ಹೀಗೆ ಮಣ್ಣಿನ ಹೆಸರಾಗಿ ಲೋಕದ ಗ್ರಂಥಗಳಲ್ಲಿ ಉಳಿದಿದೆ.

ಈ ಸಂಸ್ಥೆಯಿಂದ ಕನ್ನಡ ನಾಡಿಗೂ ಒಂದು ಉಪಕಾರವಾಗಿದೆ. ಕಲಬುರಗಿಯ ಸೀಮೆಯಲ್ಲಿ ತೊಗರಿಯನ್ನು ಹೊಲದಲ್ಲಿಯೇ ಒಣಗಿಸುವ ನೆಟೆರೋಗವನ್ನು ತಡೆದುಕೊಳ್ಳಬಲ್ಲ ತಳಿಯೊಂದನ್ನು ಅಲ್ಲಿ ಆರಿಸಿ ತೆಗೆದರು. ಅದು ೧೯೮೬ರಲ್ಲಿ ‘ಮಾರುತಿ’ ಎಂಬ ಹೆಸರಿನಿಂದ ಕರ್ನಾಟಕದಲ್ಲಿ ಬಿಡುಗಡೆಯಾಗಿ ಉತ್ತರದ ಜಿಲ್ಲೆಗಳಲ್ಲಿ ವಿಶೇಷವಾಗಿ ಹಬ್ಬಿತು. ಕಲ್ಯಾಣದ ದಾರಿಯಲ್ಲಿ ಪೊಟ್ಟಲಕೆರೆಯಿಂದ ಪಶ್ಚಿಮಕ್ಕೆ ಹಿಂದೆ ಶಾಸನಗಳು ಹೋಗುತ್ತಿದ್ದವು. ಈಗ ಬೀಜ ಹೋಯಿತು.

ಎರಡನೆಯ ಪಾತ್ರ ಕೈಗಾರಿಕೆಯದು. ೧೯೭೦ರ ದಶಕದಿಂದ ಪಟಾನ್‌ಚೆರು, ಬೊಲ್ಲಾರಂ, ಪಾಶಮೈಲಾರಂ ಕೈಗಾರಿಕಾ ವಸಾಹತುಗಳು ಬೆಳೆದವು. ಔಷಧಗಳ ಮೂಲದ್ರವ್ಯಗಳನ್ನು ತಯಾರಿಸುವ ಕಾರ್ಖಾನೆಗಳು ಅವುಗಳಲ್ಲಿ ಮುಖ್ಯ. ಸಾವಿರಾರು ಜನಕ್ಕೆ ಅನ್ನ ದೊರೆಯಿತು. ಜೊತೆಗೆ ನಕ್ಕವಾಗಿನ ನೀರು ಕೆಟ್ಟಿತು. ಕೆರೆಗಳು, ಬಾವಿಗಳು, ಗದ್ದೆಗಳು ಕೆಟ್ಟವು. ೧೯೯೦ರಲ್ಲಿ ಈ ವಿಷಯ ಸುಪ್ರೀಂ ಕೋರ್ಟಿನ ಮೆಟ್ಟಲೇರಿತು. ೧೯೯೪ರಲ್ಲಿ ತ್ಯಾಜ್ಯಜಲವನ್ನು ಶುದ್ಧಗೊಳಿಸುವ ಸಾಮೂಹಿಕ ಘಟಕವೊಂದು ಕೆಲಸ ಆರಂಭಿಸಿತು. ಆದರೂ ಸ್ವೀಡನ್ನಿನ ವಿಜ್ಞಾನಿಗಳು ೨೦೦೭ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಆ ಘಟಕದಿಂದ ಹೊರಬಿಟ್ಟ ನೀರಿನಲ್ಲಿ ಸಿಪ್ರೋಫ್ಲಾಕ್ಸಾಸಿನ್ ಎಂಬ ಔಷಧ ಲೀಟರಿಗೆ ೩೧ ಮಿಲಿಗ್ರಾಮಿನವರೆಗೂ ಇದ್ದುದು ಕಂಡುಬಂದಿತು. ಆ ಔಷಧವನ್ನು ಸೇವಿಸುವ ರೋಗಿಯ ರಕ್ತದಲ್ಲಿ ಇರುವುದಕ್ಕಿಂತಲೂ ಇದು ಹೆಚ್ಚು. ಔಷಧಗಳಿಗೆ ಮಣಿಯದ ರೋಗಾಣುಗಳ ಚರ್ಚೆಯಲ್ಲಿ ಪಟಾನ್‌ಚೆರುವಿನ ಹೆಸರು ಜಗತ್ತಿಗೆಲ್ಲ ಪರಿಚಿತವಾದುದು ಹೀಗೆ. ೨೦೨೫ರ ಜೂನ್ ೩೦ರಂದು ಪಾಶಮೈಲಾರಂನ ಕಾರ್ಖಾನೆಯೊಂದರಲ್ಲಿ ಸಂಭವಿಸಿದ ಸ್ಫೋಟದಲ್ಲಿ ನಲವತ್ತಕ್ಕೂ ಹೆಚ್ಚು ಮಂದಿ ಮಡಿದರು. ಅವರಲ್ಲಿ ಬಹುಮಂದಿ ದೂರದ ರಾಜ್ಯಗಳಿಂದ ಹೊಟ್ಟೆಪಾಡಿಗಾಗಿ ಬಂದವರು.

೮

ಈಗ ಮೊದಲಿನ ಪ್ರಶ್ನೆಗೆ ಮರಳಬಹುದು. ‘ಇದೂ ನಮ್ಮದೇ ಆಗಿತ್ತು’ ಎಂಬ ಮಾತು ನಿಜವೇ? ಕನ್ನಡದ ಚಕ್ರವರ್ತಿ ಇಲ್ಲಿ ನೆಲಸಿದ್ದು ನಿಜ. ಕನ್ನಡದ ಕವಿ ಇಲ್ಲಿ ಹುಟ್ಟಿದ್ದು ನಿಜ. ಊರಿನ ಹೆಸರೇ ಒಂದು ಕಾಲಕ್ಕೆ ಕನ್ನಡವಾಗಿದ್ದುದೂ ನಿಜ. ಆದರೆ ಈ ಯಾವ ಸಂಗತಿಯೂ ತೆಲುಗರನ್ನು ಹೊರಗಿಟ್ಟು ನಡೆದುದಲ್ಲ. ಎರಡು ಮಣ್ಣು ಬೆರೆಯುವ ಈ ನೆಲದಲ್ಲಿ ಎರಡು ನುಡಿಗಳೂ ಬೆರೆತೇ ಇದ್ದವು. ಪೊಟ್ಟಲಕೆರೆ ಕನ್ನಡಿಗರಿಂದ ಕಳೆದುಹೋದ ಆಸ್ತಿಯಲ್ಲ. ಅವರು ಪಾಲುದಾರರಾಗಿದ್ದ ಊರು. ಕಳೆದ ಆಸ್ತಿಯೆಂದು ಭಾವಿಸಿದವನಿಗೆ ವ್ಯಸನ ಮಾತ್ರ ಉಳಿಯುತ್ತದೆ. ಪಾಲುದಾರನೆಂದು ಭಾವಿಸಿದವನಿಗೆ ಹೊಣೆಯೂ ಉಳಿಯುತ್ತದೆ.

ಆ ಹೊಣೆಯಲ್ಲಿ ಒಂದಂಶ ವಿದ್ವತ್ತಿಗೆ ಸಂಬಂಧಿಸಿದುದು. ಪಿ. ಶ್ರೀನಿವಾಸಾಚಾರ್ಯರು ತೆಲಂಗಾಣದ ಶಾಸನಗಳನ್ನು ಸಂಗ್ರಹಿಸಿಕೊಟ್ಟರು, ಪಿ. ಬಿ. ದೇಸಾಯಿಯವರು ೧೯೫೭ರಲ್ಲಿ ಪ್ರಕಟವಾದ ಗ್ರಂಥದಲ್ಲಿ ದಕ್ಷಿಣ ಭಾರತದ ಜೈನ ಶಾಸನಗಳನ್ನು ವಿವೇಚಿಸಿದರು. ಹೈದರಾಬಾದಿನಲ್ಲಿಯೇ ಇದ್ದು ಎರಡು ಭಾಷೆಗಳನ್ನೂ ಬಲ್ಲ ಕನ್ನಡಿಗರಿಗಿಂತ ಈ ಕೆಲಸವನ್ನು ಮುಂದುವರಿಸಲು ಅನುಕೂಲವುಳ್ಳವರು ಬೇರೆ ಯಾರು? ಭಾನುವಾರದ ಒಂದು ಬೆಳಗ್ಗೆ ಪಬ್ಲಿಕ್ ಗಾರ್ಡನ್ಸ್‌ಗೆ ಹೋಗಿ ಆ ಜಿನಬಿಂಬಗಳ ಮುಂದೆ ನಿಂತರೆ, ಬ್ರಹ್ಮಶಿವನ ಊರು ಪುಸ್ತಕದಿಂದ ಹೊರಬಂದು ಕಣ್ಣಿಗೆ ಕಾಣುತ್ತದೆ.

ಇನ್ನೊಂದಂಶ ನೀರಿಗೆ ಸಂಬಂಧಿಸಿದುದು. ಸಾವಿರ ವರ್ಷಗಳಲ್ಲಿ ಈ ಊರು ಅರಸರನ್ನು ಕಳೆದುಕೊಂಡಿತು, ಮತವನ್ನು ಬದಲಿಸಿತು, ನುಡಿಯನ್ನು ಬದಲಿಸಿತು; ಆದರೂ ಕೆರೆಯೆಂಬ ಮಾತನ್ನು ಬಿಡಲಿಲ್ಲ. ನುಡಿ ಬದಲಾದಾಗ ಅದು ಕೆರೆಯನ್ನು ಚೆರುವಾಗಿಸಿ ಕಾಪಾಡಿಕೊಂಡಿತು. ನೀರೇ ಕೆಟ್ಟರೆ ಆ ಹೆಸರನ್ನು ಯಾವ ನುಡಿಯಲ್ಲಿ ಉಚ್ಚರಿಸಿದರೂ ಅದಕ್ಕೆ ಅರ್ಥವಿರುವುದಿಲ್ಲ.